ತೋರಿಸಬೇಕೋ ಬೇಡವೋ

ನವಜಾತ ಶಿಶುಗಳ ಘಟಕದಲ್ಲಿ ನರ್ಸಾಗಿ ನನಗದು ಆರನೆಯ ವರ್ಷ. ಸಾಲಿಗ್ರಾಮದಿಂದ ಬಸ್ಸು ಹಿಡಿದು ಕುಂದಾಪುರಕ್ಕೆ ಬಂದು, ಬೆಳಗಿನ ಡ್ಯೂಟಿ ವಹಿಸಿಕೊಂಡು ಎರಡು ಗಂಟೆ ಆಗಿರಲಿಲ್ಲ. ಕೋಡಿಯ ಮೀನುಗಾರರ ಮನೆಯ ಹೆಣ್ಣು ಮಗು ತೀರಿಕೊಂಡಿತು. ಏಳು ತಿಂಗಳಿಗೇ ಹುಟ್ಟಿ ನಾಲ್ಕು ದಿನ ಬದುಕಿತ್ತು. ಅದರ ಅಪ್ಪ ಬೋಟಿನಲ್ಲಿದ್ದ, ದಡಕ್ಕೆ ಬರಲು ಸಂಜೆಯಾಗುತ್ತಿತ್ತು.

ಡಾಕ್ಟರು ವಿಷಯ ಹೇಳಿ ಹೋದ ಮೇಲೆ ಅಜ್ಜಿ, ಅಂದರೆ ಬಾಣಂತಿಯ ತಾಯಿ, ನನ್ನ ಕೈ ಹಿಡಿದುಕೊಂಡರು.

“ಅವ್ಳಿಗೆ ತೋರ್ಸೂದ್ ಬ್ಯಾಡ ಸಿಸ್ಟ್ರೇ. ಕಂಡ್ರೆ ಮರೆಯೂಕೆ ಆತಿಲ್ಲೆ.”

ಮಹಡಿಯ ವಾರ್ಡಿನಲ್ಲಿ ಅವರ ಮಗಳು, ಆ ಬಾಣಂತಿ, ಎದ್ದು ಕೂತಿದ್ದಳು. ನನ್ನ ಮುಖ ನೋಡಿಯೇ ಅವಳಿಗೆ ಗೊತ್ತಾಯಿತು.

“ಮಗೂನ ನಂಗೊಂದ್ಸಲ ಎತ್ಕಣ್ಕ್” ಎಂದು ಕೇಳಿಕೊಂಡಳು. ನೈಟಿಯ ಎದೆ ಹಾಲಿಳಿದು ಒದ್ದೆಯಾಗಿತ್ತು. “ಹಾಲ್ ಬತ್ತಾ ಇತ್ತ್. ಇದ್ನ ಎಂತ ಮಾಡೂದ್ ಸಿಸ್ಟ್ರೇ?”

ತಣ್ಣೀರ ಬಟ್ಟೆ ಇಡಬೇಕು, ಹಾಲು ಹಿಂಡಬಾರದು, ನಿಲ್ಲಿಸಲು ಮಾತ್ರೆಯಿದೆ. ಎಲ್ಲ ಗೊತ್ತಿತ್ತು. ಬಟ್ಟೆಯನ್ನು ತಣ್ಣೀರಲ್ಲಿ ಅದ್ದಿ ಅವಳ ಕೈಗೆ ಕೊಟ್ಟೆ, ಅಷ್ಟೆ.

ತೋರಿಸಲೇ ಎಂದು ಹಿರಿಯ ಸಿಸ್ಟರನ್ನು ಕೇಳಿದೆ. “ತಾಯಿ ಕೇಳ್ರೆ ಕೊಡ್ಕ್. ಆದ್ರೆ ಮನೆಗ್ ಹೋದ್ಮೇಲೆ ಅವ್ಳನ್ನ ನೋಡ್ಕಂಬುದ್ ಅಜ್ಜಿಯೇ” ಎಂದರು. ನನ್ನ ಗೊಂದಲ ಇನ್ನಷ್ಟು ಹೆಚ್ಚಿತು.

ಮಗುವಿನ ಟ್ಯೂಬು, ಪ್ಲಾಸ್ಟರು ತೆಗೆದು ಮೈ ಒರೆಸಿದೆ. ನೀರು ಹದವಾಗಿ ಬೆಚ್ಚಗಿದೆಯೇ ಎಂದು ಮೊಣಕೈ ಅದ್ದಿ ನೋಡಿದ್ದೆ. ಯಾಕೆ ನೋಡಿದೆನೋ ತಿಳಿಯಲಿಲ್ಲ. ಬಿಳಿ ಬಟ್ಟೆಯಲ್ಲಿ ಸುತ್ತಿ ಎತ್ತಿಕೊಂಡು ಮೇಲೆ ತಾಯಿಯ ಬಳಿಗೆ ಹೊರಟರೆ ಅಜ್ಜಿ ಮೆಟ್ಟಿಲಿಗೆ ಅಡ್ಡ ನಿಂತಿದ್ದರು.

“ನೀವೂ ಬನಿ ಅಮ್ಮ” ಎಂದೆ. ಅವರು ಹಿಂದೆಯೇ ಬಂದರು.

ಮಗಳು ಮಗುವನ್ನು ಮಡಿಲಲ್ಲಿಟ್ಟುಕೊಂಡು ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದಳು. ಅಳಲಿಲ್ಲ. ಅತ್ತದ್ದು ಅಜ್ಜಿ.

“ನನ್ನ್ ಮೊದಲ್ನೇದ್ ಹೋದಾಗ ಯಾರೂ ತೋರ್ಸ್ಲಿಲ್ಲೆ. ಗಂಡಾ ಹೆಣ್ಣಾ ಅಂತ್ಲೂ ಹೇಳ್ಲಿಲ್ಲೆ. ನಾನೂ ಕೇಳ್ಲಿಲ್ಲೆ.”

ಮಗಳು ತಲೆಯೆತ್ತಿ ತಾಯಿಯನ್ನು ನೋಡಿದಳು. ತನಗಿಂತ ಮೊದಲು ಒಂದು ಕೂಸಿತ್ತೆಂದು ಅವಳಿಗೆ ಗೊತ್ತೇ ಇರಲಿಲ್ಲ. ನಾನು ಪರದೆ ಎಳೆದು ಹೊರಗೆ ನಿಂತೆ.

ಕೆಳಗೆ ಇನ್ನೊಂದು ಮಗುವಿಗೆ ಹಾಲಿನ ಹೊತ್ತಾಗಿತ್ತು. ಅದರ ತಾಯಿ, ಶಿರೂರಿನವಳು, “ಇವತ್ ಹೆಚ್ಚ್ ಕುಡಿತಾ?” ಎಂದು ನಗುತ್ತ ಕೇಳಿದಳು. ನಾನೂ ನಕ್ಕೆ. ಅಷ್ಟು ಬೇಗ ಹೇಗೆ ನಕ್ಕೆನೋ!

ಕೆಲವು ತಿಂಗಳ ನಂತರ ಬಸ್‌ಸ್ಟ್ಯಾಂಡಿನಲ್ಲಿ “ಹ್ವಾಯ್ ಸಿಸ್ಟ್ರೇ” ಎಂದು ಯಾರೋ ಕೂಗಿದರು. ಅದೇ ಅಜ್ಜಿ. ಜೊತೆಗಿದ್ದ ಮಗಳು ನನ್ನನ್ನು ಕಂಡವಳೇ ಮುಖ ತಿರುಗಿಸಿ ದೂರ ಹೋಗಿ ನಿಂತಳು.

“ಬೇಜಾರ್ ಮಾಡ್ಕಣ್ಬೇಡಿ. ನಿಮ್ಮನ್ ಕಂಡ್ರೆ ಅವ್ಳಿಗೆ ಅದೇ ನೆನಪಾತ್ತ್” ಎಂದರು ಅಜ್ಜಿ. ಮಗಳತ್ತ ಒಮ್ಮೆ ನೋಡಿ, “ನಂಗೆ ಮಾತ್ರ ಈಗ ಚೂರ್ ಹಗುರ ಆಯ್ತ್” ಎಂದರು.

ಅಂದು ಯಾರಿಗೆ ಒಳ್ಳೆಯದು ಮಾಡಿದೆ, ಯಾರಿಗೆ ನೋವು ಕೊಟ್ಟೆ, ಇವತ್ತಿಗೂ ಬಗೆಹರಿದಿಲ್ಲ. ಅಂಥ ದಿನ ಬಂದರೆ ಈಗಲೂ ತಾಯಿಯನ್ನೇ ಕೇಳುತ್ತೇನೆ. ಅದೇ ಸರಿ ಎಂಬ ಧೈರ್ಯದಿಂದಲ್ಲ. ಬೇರೆ ಯಾರನ್ನು ಕೇಳಬೇಕೋ ತಿಳಿಯದೆ.