ಕಂಡ ಅಕ್ಷರಕ್ಕೆ ಇಟ್ಟ ಚುಕ್ಕಿ

ನಮ್ಮ ಗುರುಗಳ ಉಗುರುಸಂದಿಯಲ್ಲಿ ಸದಾ ಕಪ್ಪು ಮಸಿ. ಎಷ್ಟು ಸೋಪು ಹಚ್ಚಿ ತಿಕ್ಕಿದರೂ ಹೋಗುತ್ತಿರಲಿಲ್ಲ. ಅದೇ ಕೈಯಲ್ಲಿ ಅವರು ರೊಟ್ಟಿ ಮುರಿದು ಪುಂಡಿಪಲ್ಯ ಹಚ್ಚಿಕೊಳ್ಳುವಾಗ ನಾವು ಶಿಷ್ಯರು ಮುಸಿಮುಸಿ ನಗುತ್ತಿದ್ದೆವು. ಕುಷ್ಟಗಿ ಬಸ್‌ ನಿಲ್ದಾಣದಲ್ಲಿ ಒಬ್ಬ ಇವರನ್ನು ಮೆಕ್ಯಾನಿಕ್ ಎಂದೇ ತಿಳಿದು ತನ್ನ ಬೈಕಿನ ಕ್ಲಚ್ಚು ತೋರಿಸಿದ್ದ. ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾದ ಇವರು ಬಗ್ಗಿ ನೋಡಿದ್ದೂ ಆಯಿತು.

ಅದು ಶಾಸನಗಳ ಮಸಿ. ಕಲ್ಲು ತೊಳೆದು, ಒದ್ದೆ ಕಾಗದ ಅಂಟಿಸಿ, ಬ್ರಷ್ಷಿನಿಂದ ಬಡಿದು, ಮೇಲೆ ಮಸಿ ಒತ್ತಿದರೆ ಅಕ್ಷರಗಳು ಬೆಳ್ಳಗೆ ಎದ್ದು ಬರುತ್ತವೆ. ಪಡಿಯಚ್ಚು ಎನ್ನುವುದು ಇದಕ್ಕೇ. ಓದಿ ಬರೆದುಕೊಳ್ಳುವಾಗ, ಸವೆದುಹೋದ ಅಕ್ಷರದ ಜಾಗದಲ್ಲಿ ಚುಕ್ಕಿ ಇಡಬೇಕು. ನಾನು ಜಾಣತನ ಮಾಡಿ ಒಮ್ಮೆ ಒಂದು ಹೆಸರನ್ನು ಊಹಿಸಿ ತುಂಬಿದ್ದೆ.

"ಏ ತಮ್ಮಾ, ಇದು ಕಲ್ಲಿನಾಗ ಐತೋ, ನಿನ್ನ ತಲಿಯಾಗ ಐತೋ?" ಎಂದರು. "ಕಾಣಲಿಲ್ಲಂದ್ರ ಚುಕ್ಕಿ ಇಡು. ಆದ್ರ ಕಂಡಿದ್ದನ್ನ ಬಿಡಬ್ಯಾಡ."

ಯಲಬುರ್ಗಾ ಕಡೆಯ ಒಂದು ಹಳ್ಳಿಯಲ್ಲಿ, ಕೆರೆ ಏರಿಯ ಮೇಲಿದ್ದ ಕಲ್ಲನ್ನು ಓದಿದವರು ಗುರುಗಳು, ನಾನು ಇಬ್ಬರೇ. ಆ ಕೆರೆ ಕಟ್ಟಿಸಿದವಳು ಕುಂಬಾರರ ಹೆಣ್ಣುಮಗಳು ಎಂದು ಅದರಲ್ಲಿತ್ತು. ಒಂದು ಅಕ್ಷರವೂ ಸವೆದಿರಲಿಲ್ಲ. ಗುರುಗಳು ಲೇಖನ ಬರೆದು ಪ್ರಕಟಿಸಿದರು. ಆದರೆ ಆ ಭಾಗದ ದೊಡ್ಡ ರಾಜಕಾರಣಿಯೊಬ್ಬರು, ಕೆರೆ ಕಟ್ಟಿಸಿದವರು ತಮ್ಮ ಮನೆತನದ ಮೂಲಪುರುಷರು ಎಂದು ಪ್ರತಿ ಚುನಾವಣೆಯಲ್ಲೂ ಭಾಷಣ ಮಾಡುತ್ತ ಬಂದವರು. ಮನೆತನಕ್ಕೆ ಅವಮಾನವಾಯಿತೆಂದು ವಿಶ್ವವಿದ್ಯಾಲಯಕ್ಕೆ ದೂರು ಬಂತು, ವಿಚಾರಣಾ ಸಮಿತಿಯೂ ಆಯಿತು. ಅಷ್ಟರಲ್ಲಿ ಏರಿ ದುರಸ್ತಿಯ ನೆಪದಲ್ಲಿ ಕಲ್ಲು ಸಿಮೆಂಟಿನೊಳಗೆ ಸೇರಿಹೋಗಿತ್ತು. ಪಡಿಯಚ್ಚು ತೋರಿಸಿದರೆ, ಕಾಗದದ ಮೇಲೆ ಯಾರು ಏನು ಬೇಕಾದರೂ ಮೂಡಿಸಬಹುದು ಎಂದರು ಸಮಿತಿಯವರು. ಉಳಿದ ಸಾಕ್ಷಿ ನಾನೊಬ್ಬ.

ನನ್ನ ಪಿಎಚ್‌ಡಿಯ ಮೌಖಿಕ ಪರೀಕ್ಷೆ ಬಾಕಿ ಇತ್ತು. ವಿಚಾರಣೆಯ ಹಿಂದಿನ ದಿನ ಆಡಳಿತ ಕಚೇರಿಯವರೊಬ್ಬರು ನನ್ನನ್ನು ಕರೆದು ಚಹಾ ಕುಡಿಸಿ, "ನಿಮ್ಮವ್ವ ದಾಳಿಂಬ್ರಿ ತೋಟದಾಗ ಕೂಲಿ ಮಾಡಿ ಓದಿಸ್ಯಾಳಂತ. ಸ್ವಲ್ಪ ನೋಡ್ಕೊಂಡು ಮಾತಾಡ್ರಿ," ಎಂದರು. ಇಷ್ಟೇ. ಇದನ್ನು ಬೆದರಿಕೆ ಎಂದು ಯಾರ ಮುಂದೆ ಹೇಳಲಿ?

"ಆ ಅಕ್ಷರಗಳನ್ನ ನೀವು ಕಣ್ಣಾರೆ ನೋಡೀರೇನು?" ಎಂದು ಸಮಿತಿಯವರು ಕೇಳಿದರು. ಗುರುಗಳು ಎದುರಿಗೇ ಕೂತಿದ್ದರು.

"ಸರಿಯಾಗಿ ಕಾಣಲಿಲ್ರಿ," ಎಂದೆ.

ಹೊರಗೆ ಬಂದ ಮೇಲೆ ಗುರುಗಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಹಗುರಾಗುತ್ತಿತ್ತು. ಹೆಗಲ ಮೇಲೆ ಕೈಯಿಟ್ಟು, "ಚುಕ್ಕಿ ಇಟ್ಟಿ ನೋಡು, ತಮ್ಮಾ," ಎಂದರು. ಆಮೇಲೆ, "ಇರ್ಲಿ. ವೈವಾ ಲಗೂನ ಮುಗಿಸಿ ಅವ್ವಗ ಹೇಳು. ಭಾಳ ಖುಷಿ ಆಗ್ತಾಳ."

ಅವರಿಂದ ಸಂಶೋಧನಾ ವಿದ್ಯಾರ್ಥಿಗಳನ್ನೆಲ್ಲ ಕಿತ್ತುಕೊಂಡರು. ನನ್ನ ಪ್ರಬಂಧದ ಮೇಲೆ ಮಾರ್ಗದರ್ಶಕರೆಂದು ಬೇರೆಯವರ ಹೆಸರು ಬಂತು. ನನಗೆ ಕಾಲೇಜಿನಲ್ಲಿ ಕೆಲಸವೂ ಸಿಕ್ಕಿತು. ಅವರು ನಿವೃತ್ತರಾದ ಮೇಲೆ ಒಮ್ಮೆ ಧೈರ್ಯ ಮಾಡಿ ಗಂಗಾವತಿಯ ಅವರ ಮನೆಗೆ ಹೋಗಿದ್ದೆ. ಒತ್ತಾಯ ಮಾಡಿ ಊಟಕ್ಕೆ ಕೂರಿಸಿದರು. ರೊಟ್ಟಿ ಮುರಿಯುವ ಅವರ ಕೈ ನೋಡಿದೆ. ಉಗುರುಗಳು ಬೆಳ್ಳಗಿದ್ದವು.

ಹೋದ ವರ್ಷ ತೀರಿಕೊಂಡರು. ನಮ್ಮ ಕಾಲೇಜಿನಲ್ಲಿ ಒಂದು ಶ್ರದ್ಧಾಂಜಲಿ ಸಭೆ ಮಾಡೋಣವೆಂದು ಕೇಳಿದೆ. "ಯಾಕ್ ಬೇಕ್ರಿ ಸುಮ್ನ?" ಎಂದರು ಪ್ರಾಂಶುಪಾಲರು. "ಹೌದ್ರಿ ಸರ್," ಎಂದು ಹೊರಬಂದೆ.

ಅಂದು ನಾನೇ ತೆಗೆದಿದ್ದ, ಆ ಕೆರೆಯ ಕಲ್ಲಿನ ಇನ್ನೊಂದು ಪಡಿಯಚ್ಚು ನನ್ನ ಟ್ರಂಕಿನಲ್ಲಿದೆ. ಯಾರಿಗೂ ತೋರಿಸಿಲ್ಲ. ಇದನ್ನು ಬರೆಯುವಾಗಲೂ ಎರಡು ಸಲ ಅವರ ಹೆಸರು ಬರೆದು ಹೊಡೆದುಹಾಕಿದೆ. ಆ ಮನೆತನ ಇನ್ನೂ ಅಧಿಕಾರದಲ್ಲಿದೆ, ನನ್ನ ಬಡ್ತಿಯ ಕಡತ ಇನ್ನೂ ಮೇಜಿನ ಮೇಲಿದೆ. ಹೆಸರಿರಬೇಕಾದ ಕಡೆಯೆಲ್ಲ ಬರೀ 'ಗುರುಗಳು' ಎಂದು ಬರೆದಿದ್ದೇನೆ. ಅಕ್ಷರವೇನೂ ಸವೆದಿಲ್ಲ. ನನಗೆ ಚೆನ್ನಾಗಿ ಕಾಣುತ್ತದೆ.