ಸೋದರತ್ತೆಯ ಮನೆಗೆ ಒಯ್ದ ಡಬ್ಬಿ

ತೂಕ ಇಳಿಸಲು ಹೊಟ್ಟೆಯ ಆಪರೇಷನ್ ಮಾಡಿಸಿಕೊಂಡ ವರ್ಷ, ಕೆಲಸದ ಮೇಲೆ ಚಿಕ್ಕೋಡಿಯಿಂದ ಅಥಣಿಗೆ ಹೋದವಳು ಬರುವಾಗ ಉಗಾರ ಬುದ್ರುಕದಲ್ಲಿ ಸೋದರತ್ತೆಯ ಮನೆಗೆ ಹೋದೆ. ಎಲ್ಲಿಗೆ ಹೊರಟರೂ ಬೇಯಿಸಿದ ಮಡಕಿಕಾಳಿನ ಸಣ್ಣ ಡಬ್ಬಿ ಚೀಲದಲ್ಲಿರುತ್ತದೆ. ಹೊಟ್ಟೆಗೆ ಹಿಡಿಸುವುದು ಅಷ್ಟೇ. ಸಿಹಿ ತಿಂದರೆ ಬೆವರು, ಎದೆಬಡಿತ, ವಾಂತಿ.

ಡಬ್ಬಿ ತೆಗೆದದ್ದೇ ತಪ್ಪಾಯಿತು.

"ನಮ್ಮನಿಗೆ ಬುತ್ತಿ ಕಟಗೊಂಡ ಬಂದೀಯೇನ ಬೇ? ಡಿಗ್ರಿ ಆದಮ್ಯಾಲ ನಮ್ಮ ಹೋಳಿಗಿ ಸೇರಂಗಿಲ್ಲೇನ?"

"ಅತ್ತಿ, ಹೋದ ಸಲ ನಿನ್ನ ಮಾತಿಗೆ ತಿಂದು ರಾಯಬಾಗ ಸ್ಟ್ಯಾಂಡಿನ್ಯಾಗ ಬಿದ್ದಿದ್ನಲ್ಲ!"

"ಒಂದ ತುತ್ತಿಗೆ ಏನಾಗತೈತಿ?" ಎನ್ನುತ್ತ ತುಪ್ಪದಲ್ಲಿ ಅದ್ದಿದ ಹೋಳಿಗೆಯನ್ನು ನನ್ನ ಬಾಯಿಗೇ ತಂದಳು. ಹಿರಿಯರು ಬಾಯಿಗಿಟ್ಟ ತುತ್ತನ್ನು ನಮ್ಮಲ್ಲಿ ಯಾರೂ ಬೇಡ ಅನ್ನುವುದಿಲ್ಲ. ನಾನು ಅವಳ ಮುಂಗೈ ಹಿಡಿದು ದೂರ ಸರಿಸಿದೆ. ಹೋಳಿಗೆ ನೆಲಕ್ಕೆ ಬಿತ್ತು.

ನಮ್ಮ ಮನೆತನದಲ್ಲಿ ಮೊದಲು ಪದವಿ ಪಡೆದವಳು ನಾನು. ಈ ಅತ್ತೆಯೂ ಸೇರಿ ಮನೆಯವರೆಲ್ಲರಿಂದ ಬೈಸಿಕೊಂಡೇ ಓದಿದೆ. ನನಗೇನು ಬೇಕೆಂದು ಆಗಲೂ ಯಾರೂ ಕೇಳಲಿಲ್ಲ. ಅತ್ತೆ ಬಾಗಿಲಿಗೆ ಹೋಗಿ, ಓಣಿಗೆಲ್ಲ ಕೇಳುವಂತೆ "ಸೊಕ್ಕು ಬಂದೈತಿ ಇಕಿಗೆ" ಎಂದು ಒದರತೊಡಗಿದಳು. ನನಗೂ ಸಿಟ್ಟು ಬಂದಿತ್ತು. ಆದರೂ ಎದ್ದು ಹೋಗಲಿಲ್ಲ. ಅವಳ ಪಡಸಾಲೆಯಲ್ಲೇ ಕುಳಿತು, ಒಂದೊಂದೇ ಕಾಳು ಅಗಿದು, ಡಬ್ಬಿ ಖಾಲಿ ಮಾಡಿದೆ.