ಕೌದಿಯಂಥ ಕಂಪ್ಯೂಟರ್

ಯರಗುಪ್ಪಿಯಲ್ಲಿ ಹೊಲದ ಪಹಣಿ ಉತಾರ ತೆಗೆದುಕೊಡುವ ಕಂಪ್ಯೂಟರ್ ಅಂಗಡಿಯವನೊಬ್ಬನಿದ್ದ. ಊರೆಲ್ಲ ಬೈದು ಬಿಟ್ಟ ವಿಂಡೋಸ್ ಎಂಟನ್ನು ಅವನೊಬ್ಬನೇ ಬಿಟ್ಟಿರಲಿಲ್ಲ. ಪರದೆಯ ತುಂಬ ಬಣ್ಣಬಣ್ಣದ ಚೌಕಗಳು.

"ಇದೇನೋ ಮಾರಾಯಾ, ಬಟ್ಟಿ ತುಂಡ ಕೂಡಿಸಿದ ಕೌದಿ ಹಾಸಿದಂಗ ಐತಿ!" ಎಂದು ಗಿರಾಕಿಗಳು ನಗುತ್ತಿದ್ದರು. ಅವನು ಕನ್ನಡಕ ಹಣೆಗೇರಿಸಿ, "ಇರಲಿ ಬಿಡ್ರಿ" ಎನ್ನುತ್ತಿದ್ದ.

ಅಳ್ನಾವರದಲ್ಲಿ ನನ್ನ ಮಗಳು ಹಡೆದಳು. ನನ್ನ ಮೊದಲ ಮೊಮ್ಮಗಳ ಫೋಟೊ ಅವನ ಕಂಪ್ಯೂಟರಿಗೆ ಬಂತೆಂದು ಕೇಳಿ ಓಡಿಹೋದೆ. ಅವನು ಮೌಸನ್ನು ನನ್ನ ಕೈಗೇ ಕೊಟ್ಟ.

"ನೀವ ತೆಗೀರಿ ಯವ್ವಾ."

"ನನಗೆಲ್ಲಿ ಓದಾಕ ಬರತೈತೋ ತಮ್ಮಾ!"

"ಕೌದಿ ಹೊಲ್ಯಾಕ ಬರತೈತಲ್ಲ? ಮೂಲ್ಯಾಗಿನ ನೀಲಿ ತುಂಡ ಒತ್ರಿ."

ಒತ್ತಿದೆ. ಪರದೆ ತುಂಬ ನನ್ನ ಕೂಸು, ಬಾಯಿ ಅಗಲಿಸಿ ಆಕಳಿಸುತ್ತಿತ್ತು! ಯಾರ ಕೈಯನ್ನೂ ಕಾಯದೆ ನಾನೇ ತೆಗೆದಿದ್ದೆ. ಸಂತೋಷ ತಡೆಯಲಾರದೆ ಅಂಗಡಿಯಲ್ಲಿದ್ದವರನ್ನೆಲ್ಲ ಕೂಗಿದೆ:

"ಬರ್ರಿ, ಕೌದಿ ಅಂತ ಈಗ ನಗ್ರಿ ನೋಡೂಣು!"

ಅವನು ಕನ್ನಡಕ ಹಣೆಗೇರಿಸಿದ.

"ಇರಲಿ ಬಿಡ್ರಿ ಯವ್ವಾ."